ನಿಂತ ನೀರಿನಲ್ಲಿ ಕೆಂಚವ್ವ

ಹಬ್ಬದ ಊಟ ಮುಗಿಸಿ, ಎಲೆ ಎತ್ತಿ, ಹೇರೋಹಳ್ಳಿಯ ತನ್ನ ಒಂಟಿ ಕೋಣೆಯ ಹೊಸ್ತಿಲಲ್ಲಿ ಶಂಕ್ರವ್ವ ಕಾಲು ಚಾಚಿ ಕುಳಿತಾಗ ಮಧ್ಯಾಹ್ನ ಮೂರು ಗಂಟೆ. ಆಯುಧಪೂಜೆಯ ದಿನ. ಬೀದಿಯ ತುಂಬ ಒಡೆದ ಬೂದುಗುಂಬಳದ ಚೂರು, ಕುಂಕುಮದ ನೀರು. ಎದುರು ಮನೆಯ ತುಂಗಾ ಬಾಗಿಲಿಗೆ ಇಳಿಬಿಟ್ಟಿದ್ದ ಸೀರಿಯಲ್ ಸೆಟ್ಟಿನ ದೀಪಗಳು ಕೆಂಪು ಹಸಿರು ಮಿನುಗುತ್ತಿದ್ದವು. ಮಿನುಗುತ್ತಿದ್ದಂತೆಯೇ ಕರೆಂಟು ಹೋಯಿತು.

"ನೋಡಿದ್ರಾ ಶಂಕ್ರವ್ವ, ಹಬ್ಬದ ದಿನಾನೂ ಬಿಡಲ್ಲ ಇವ್ರು. ದೇವರ ಮುಂದೇನೂ ಕತ್ತಲೆ," ಎಂದಳು ತುಂಗಾ.

"ನಮ್ಮ ಲ್ಯಾಬಿನಾಗ ಹಂಗ ಆಗಂಗಿಲ್ಲವಾ." ಶಂಕ್ರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಹೆಮ್ಮೆಯಿಂದ ಹೇಳಿದಳು. "ಮೇನ್ ಸ್ವಿಚ್ ಇಳಿಸಿದ್ರೂ ನಾ ಹಾಕಿದ ಲೈಟ್ ಆರಂಗಿಲ್ಲ. ಕೆಂಪು ಪ್ಲಗ್ಗಿಗೆ ಹಚ್ಚಿ ಬಂದೇನಿ. ಅದು ಬ್ಯಾಟರಿ ಮ್ಯಾಲೆ ನಡೀತೈತಿ..."

ಮಾತು ಅಲ್ಲಿಗೇ ನಿಂತಿತು. ಒರೆಸುತ್ತಿದ್ದ ಸೆರಗು ಬಾಯಿಯ ಮೇಲೇ ಉಳಿಯಿತು.

ಕೆಂಪು ಪ್ಲಗ್ಗಿಗೆ ಲೈಟು ಹಚ್ಚಿದ್ದಳು, ಸರಿ. ಆದರೆ ಅಲ್ಲಿದ್ದ ಗಾಜಿನ ತೊಟ್ಟಿಯ ಗಾಳಿ ಪಂಪನ್ನು ಕಿತ್ತು ಎಲ್ಲಿಗೆ ಹಚ್ಚಿದ್ದಳು? ಪಕ್ಕದ ಬಿಳಿ ಪ್ಲಗ್ಗಿಗೆ. ಬಿಳಿ ಪ್ಲಗ್ಗು ನಡೆಯುವುದು ಮೇನ್ ಸ್ವಿಚ್ಚಿನ ಮೇಲೆ. ಮೇನ್ ಸ್ವಿಚ್ಚನ್ನು ಹನ್ನೊಂದೂವರೆಗೆ ಇಳಿಸಿ, ಅರಿಶಿನದ ದಾರ ಕಟ್ಟಿ, ಸೇವಂತಿಗೆ ಸುತ್ತಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು, ಕೈ ಮುಗಿದಿದ್ದಳು.

"ಯಾಕ್ರೀ, ಏನಾಯ್ತು? ಮುಖ ಯಾಕ್ ಹಂಗಾಯ್ತು?"

"ನನ್ನ ಕೈ ಸೇದಿ ಹೋಗ್ಲಿ," ಎಂದಳು ಶಂಕ್ರವ್ವ. ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಬಾಗಿಲು ಮುಂದೆ ಮಾಡಿದಳೋ ಇಲ್ಲವೋ, ಗುಂಡಿ ಬಿದ್ದ ಆ ರಸ್ತೆಯಲ್ಲಿ ಓಡತೊಡಗಿದಳು. ಅವಳಿಗೆ ಐವತ್ತೆಂಟು ವರ್ಷ.

ಮೂಲೆಯಲ್ಲಿ ಬಾಳೆಕಂದು ಕಟ್ಟಿಕೊಂಡ ಎರಡು ಆಟೋ ನಿಂತಿದ್ದವು. "ಇವತ್ತು ಗಾಡಿ ತೆಗೆಯಲ್ಲ ಆಂಟಿ, ಪೂಜೆ ಆಗಿದೆ," ಎಂದ ಒಬ್ಬ. ಇನ್ನೊಬ್ಬ ಹಿಂದಿನ ಸೀಟಿನಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಹೇರೋಹಳ್ಳಿ ಕ್ರಾಸಿನವರೆಗೆ ಓಡಿದ್ದಾಯಿತು. ಮಾಗಡಿ ರಸ್ತೆಯ ಬಸ್ಸು ಸಿಕ್ಕಿತು.

ಶಂಕ್ರವ್ವನ ಕೆಲಸ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಭೈರೇಶ್ ಅವರ ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯ ಸಣ್ಣ ಲ್ಯಾಬಿನಲ್ಲಿ. ಕೆಳಗೆ ಕಬ್ಬಿಣ ಕೊರೆಯುವ ಸದ್ದು, ಮೇಲೆ ಗಾಜಿನ ಲೋಟ ತೊಳೆಯುವ ಸದ್ದು. ಬಾಗಲಕೋಟೆ ಕಡೆಯಿಂದ ಬಂದು ಒಂಬತ್ತು ವರ್ಷ ಅವಳು ತೊಳೆದದ್ದು ಬರೀ ಗಾಜು. ಎರಡು ವರ್ಷದ ಹಿಂದೆ ಚೇತನಾ ಎಂಬ ಹುಡುಗಿ ಸಂಶೋಧನೆಗೆಂದು ಸೇರಿ, ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು, ಕಡಲಿನ ಉಪ್ಪು ಕಲಸಿದ ನೀರು ತುಂಬಿ, ಅದರೊಳಗೆ ಒಂದು ಕಲ್ಲನ್ನು ಇಳಿಸಿದ್ದಳು. ಕಲ್ಲಿನ ಮೇಲೆ ಇಟ್ಟಿಗೆ ಬಣ್ಣದ, ಅಂಗೈಯಗಲದ, ತೂತು ತೂತಾದ ಮುದ್ದೆ.

"ಇದೇನ ಗಿಡ?" ಎಂದು ಕೇಳಿದ್ದಳು ಶಂಕ್ರವ್ವ.

"ಪ್ರಾಣಿ ಶಂಕ್ರವ್ವ. ಸ್ಪಂಜು. ತಲೆ ಇಲ್ಲ, ಹೊಟ್ಟೆ ಇಲ್ಲ, ಕೈಕಾಲಿಲ್ಲ. ನೀರು ಒಳಗೆ ಎಳ್ಕೊಳುತ್ತೆ, ಅದ್ರಲ್ಲಿ ಸಿಕ್ಕಿದ್ದನ್ನ ತಿಂದು ಹೊರಗೆ ಬಿಡುತ್ತೆ. ಅಷ್ಟೇ ಅದ್ರ ಬದುಕು."

ನಂಬಿಕೆ ಬರಲಿಲ್ಲ. ಆಗ ಚೇತನಾ ಜಿಲೇಬಿಗೆ ಹಾಕುವ ಹಸಿರು ಬಣ್ಣವನ್ನು ನೀರಲ್ಲಿ ಕಲಸಿ, ಡ್ರಾಪರಿನಿಂದ ಮುದ್ದೆಯ ಪಕ್ಕದಲ್ಲಿ ಒಂದು ಹನಿ ಬಿಟ್ಟಳು. ಹಸಿರು ಮೆಲ್ಲಗೆ ಬದಿಯ ಸಣ್ಣ ತೂತುಗಳಲ್ಲಿ ಇಳಿದು ಮಾಯವಾಯಿತು. ಸ್ವಲ್ಪ ಹೊತ್ತಿಗೆ ನೆತ್ತಿಯ ದೊಡ್ಡ ಬಾಯಿಂದ, ಒಲೆಯ ಹೊಗೆಗೂಡಿನಿಂದ ಹೊಗೆ ಎದ್ದ ಹಾಗೆ, ಹಸಿರು ಎಳೆ ಎದ್ದು ಬಂತು. "ಅಯ್ಯ ನಮ್ಮವ್ವ, ಉಸರಾಡ್ತೈತಿ!" ಎಂದು ಶಂಕ್ರವ್ವ ಕೆನ್ನೆಗೆ ಕೈ ಇಟ್ಟಳು. ಅಂದಿನಿಂದ ಅದಕ್ಕೆ ಕೆಂಚವ್ವ ಎಂದು ಹೆಸರು.

ಕೆಂಚವ್ವನ ದೊಡ್ಡಸ್ತಿಕೆ ಅವಳದೇ ಅಲ್ಲ, ಅವಳೊಳಗೆ ವಾಸವಾಗಿರುವವರದು. ಓಡಲಾರದ, ಕಚ್ಚಲಾರದ ಪ್ರಾಣಿ. ಬಂದವರೆಲ್ಲ ತಿಂದು ಹೋಗಬಹುದು. ಆದರೆ ಅದರ ಮೈಯೊಳಗೆ ಕೋಟಿಗಟ್ಟಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿವೆ. ಮೈತೂಕದಲ್ಲಿ ಮೂರರಲ್ಲೊಂದು ಪಾಲು ಅವೇ. ಇರಲು ಜಾಗ ಕೊಟ್ಟವಳಿಗೆ ಬಾಡಿಗೆಯ ಬದಲು ಅವು ವಿಷ ತಯಾರಿಸಿ ಕೊಡುತ್ತವೆ. ಹೊರಗಿನ ರೋಗಾಣು ಹತ್ತಿರ ಸುಳಿಯದ ಹಾಗೆ ಕಾಯುವ ವಿಷ. ಚೇತನಾ ಕೆಂಚವ್ವನ ಅಂಚಿನಿಂದ ಉಗುರಿನಷ್ಟು ಚೂರು ಕೊಯ್ದು, ಅದರ ಸತ್ವ ಇಳಿಸಿ, ಕಾಗದದ ಬಿಲ್ಲೆಗೆ ಅದ್ದಿ, ಯಾವ ಔಷಧಿಗೂ ಬಗ್ಗದ ಕೀವಿನ ರೋಗಾಣು ಬೆಳೆಸಿದ ತಟ್ಟೆಯ ನಡುವೆ ಇಟ್ಟಳು. ಮಾರನೆಯ ದಿನ ಬಿಲ್ಲೆಯ ಸುತ್ತ ಮಗುವಿನ ಬಳೆಯಷ್ಟು ಜಾಗ ತಿಳಿಯಾಗಿತ್ತು. ಅಲ್ಲಿ ರೋಗಾಣು ಒಂದೂ ಇರಲಿಲ್ಲ.

ಆ ತಿಳಿಬಳೆಯನ್ನು ಶಂಕ್ರವ್ವ ಬಹಳ ಹೊತ್ತು ನೋಡಿದ್ದಳು. ಅವಳ ಗಂಡ ದುಂಡಪ್ಪನ ಕಾಲಿನ ಗಾಯ ಹನ್ನೊಂದು ತಿಂಗಳು ಕೀವು ಸುರಿಸಿತ್ತು. "ಈ ಕೀವಿಗೆ ಯಾವ ಔಷಧಿನೂ ಹತ್ತುತ್ತಿಲ್ಲಮ್ಮ" ಎಂದು ಡಾಕ್ಟರು ಕೈ ಚೆಲ್ಲಿದ್ದರು; ಅದರಲ್ಲೇ ಅವನು ತೀರಿಹೋದ. ಅವಳು ತಟ್ಟೆ ಕೆಳಗಿಟ್ಟು ಹೋಗಿ ಲೋಟ ತೊಳೆದಿದ್ದಳು.

ಆದರೆ ಆ ಬ್ಯಾಕ್ಟೀರಿಯಾಗಳದು ಒಂದು ಹಟ. ಕೆಂಚವ್ವನ ಮೈ ಬಿಟ್ಟು ಹೊರಗೆ ಬೆಳೆಯುವುದಿಲ್ಲ. ಚೇತನಾ ಬಗೆಬಗೆಯ ಆಹಾರ ಇಟ್ಟು ನೋಡಿದಳು. ಹೋದ ತಿಂಗಳು ಒಂದೇ ಒಂದು ತಟ್ಟೆಯಲ್ಲಿ ಸೂಜಿಮೊನೆಯಷ್ಟು ಚುಕ್ಕೆ ಮೂಡಿ, ಮೂರು ದಿನ ಇದ್ದು, ಸತ್ತಿತು. ದಾರಿ ಸಿಕ್ಕಿದೆ, ಇನ್ನು ನಾಲ್ಕೈದು ತಿಂಗಳು ಕೆಂಚವ್ವ ಬದುಕಿದ್ದರೆ ಸಾಕು ಎನ್ನುತ್ತಿದ್ದಳು. ಕಾರವಾರದ ಕಡೆ ಇದನ್ನು ತೆಗೆದ ಬಂಡೆಯಲ್ಲಿ ಈಗ ಒಂದೂ ಉಳಿದಿಲ್ಲ, ಬಿಸಿಲಿಗೆ ನೀರು ಕಾದು ಎಲ್ಲ ಬೆಳ್ಳಗಾಗಿ ಸತ್ತಿವೆ. ಕೆಂಚವ್ವ ಹೋದರೆ ಒಳಗಿನವರೂ ಹೋದರು.

"ಹೆಪ್ಪು ಇದ್ದಂಗ ಅನ್ನು," ಎಂದಿದ್ದಳು ಶಂಕ್ರವ್ವ. "ಹಾಲು ಎಷ್ಟರ ಇರಲಿ, ಹೆಪ್ಪಿಲ್ಲಾಂದ್ರ ಮೊಸರಿಲ್ಲ."

"ಅದೇ ಶಂಕ್ರವ್ವ. ಅದಕ್ಕೇ ಈ ಪಂಪ್ ನಿಲ್ಲಬಾರದು. ಕರೆಂಟ್ ಹೋದ್ರೂ ಐದಾರು ಗಂಟೆ ಬ್ಯಾಟರಿ ಬರುತ್ತೆ. ಈ ಕೆಂಪು ಟೇಪ್ ಹಚ್ಚಿರೋ ಪ್ಲಗ್ ಯಾರೂ ಮುಟ್ಟಬಾರದು."

ಎರಡು ವರ್ಷ ಯಾರೂ ಮುಟ್ಟಲಿಲ್ಲ. ಹಬ್ಬಕ್ಕೆ ಊರಿಗೆ ಹೋಗದೆ ತೊಟ್ಟಿ ಕಾಯುತ್ತಿದ್ದ ಹುಡುಗಿಯನ್ನು, "ಒಂದ್ ದಿನ ಅರಸೀಕೆರಿಗೆ ಹೋಗಿ ನಿಮ್ಮವ್ವನ ಕೈ ಅಡಗಿ ಉಂಡು ಬಾ, ಮೇನ್ ಸ್ವಿಚ್ ಇಳಿಸಿದ್ರೂ ಸಂಜೀ ಒಳಗ ನಾ ಬಂದು ಸಾವ್ಕಾರ್ರನ್ನ ಕಾಡಿ ಬೇಡಿ ಹಾಕಿಸ್ತೀನಿ" ಎಂದು ಕಳಿಸಿದವಳೂ ಶಂಕ್ರವ್ವ, ಇವತ್ತು ಮುಟ್ಟಿದವಳೂ ಶಂಕ್ರವ್ವ. ತೊಟ್ಟಿಗೆ ಹೂವಿನ ಸರ ಹಾಕಿ, ಕುಂಕುಮ ಇಟ್ಟು, ಸೀರಿಯಲ್ ಸೆಟ್ ಸುತ್ತಿದ್ದಳು. ಪೂಜೆಯ ದೀಪ ನಡುವೆ ಆರಬಾರದಲ್ಲ. ಮಂಗಳಾರತಿ ಆಗುವವರೆಗೆ ಇರಲಿ, ಆಮೇಲೆ ತಿರುಗಿಸಿ ಹಚ್ಚಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಕೆಳಗೆ ಬೂದುಗುಂಬಳ ಒಡೆದರು, ಹೆಂಗಸರನ್ನು ಕುಂಕುಮಕ್ಕೆ ಕರೆದರು, ಪುರಿ ಕಡಲೆ ಹಂಚಿದರು. ಮೇನ್ ಸ್ವಿಚ್ ಇಳಿಯಿತು. ವರ್ಷವೆಲ್ಲ ಗಿರಗುಟ್ಟುವ ಕಟ್ಟಡ ಗಪ್ಪೆಂದು ಸುಮ್ಮನಾಯಿತು. "ಕೇಳಿ, ವರ್ಷಕ್ಕೊಂದಿನ ನಮ್ಮ ಮಿಷನ್‌ಗಳು ಉಸಿರು ಬಿಡೋದು ಇವತ್ತೇ," ಎಂದಿದ್ದರು ಭೈರೇಶ್. ಎಲ್ಲ ಸದ್ದೂ ಒಟ್ಟಿಗೆ ನಿಂತಾಗ ತೊಟ್ಟಿಯ ಬುಳುಬುಳು ನಿಂತದ್ದು ಯಾರ ಕಿವಿಗೆ ತಿಳಿಯಬೇಕು?

ಹೌಸಿಂಗ್ ಬೋರ್ಡ್ ಹತ್ತಿರ ಬಸ್ಸು ಇಳಿದು, ಗಾಡಿ ತೆಗೆದಿದ್ದ ಒಬ್ಬ ಪುಣ್ಯಾತ್ಮನ ಆಟೋ ಹಿಡಿದಳು. ದಾರಿಯಲ್ಲೇ ಭೈರೇಶ್ ಅವರಿಗೆ ಫೋನು ಹಚ್ಚಿದಳು.

"ಸಾವ್ಕಾರ್ರ, ಮೇನ್ ಸ್ವಿಚ್ ಹಾಕಬೇಕ್ರಿ. ಜೀವ ಹೊಂಟೈತ್ರಿ."

"ಯಾರ್ ಜೀವಮ್ಮ?" ಗಾಬರಿಯಾದರು ಭೈರೇಶ್.

"ಕೆಂಚವ್ವಂದ್ರಿ. ತೊಟ್ಟಿಯೊಳಗಿಂದು."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. "ಶಂಕ್ರವ್ವ, ಕಟ್ಟಿರೋ ದಾರ ನಾಳೆ ಬೆಳಿಗ್ಗೆನೇ ಬಿಚ್ಚೋದು. ನಿಂಗೆ ಗೊತ್ತು."

"ನೀವು ಒಂದ್ಸಲ ಬಂದು ಕಣ್ಣಿಂದ ನೋಡ್ರಿ. ನೋಡಿ ಬ್ಯಾಡ ಅನ್ರಿ."

ಉತ್ತರ ಬರುವ ಮೊದಲೇ ಆಟೋ ನಿಂತಿತು.

ಮೇಲಿನ ಬೀಗ ತೆಗೆದು ಒಳಗೆ ಹೋದಾಗ ನಾಲ್ಕು ಗಂಟೆ. ಕತ್ತಲೆ ಕವಿದ ಮೂಲೆಯಲ್ಲಿ ಸೀರಿಯಲ್ ಸೆಟ್ಟು ಇನ್ನೂ ಮಿನುಗುತ್ತಿತ್ತು. ಕೆಂಪು, ಹಸಿರು, ಕೆಂಪು. ಅದರ ಬೆಳಕಲ್ಲಿ ತೊಟ್ಟಿಯ ನೀರು ಕನ್ನಡಿಯ ಹಾಗೆ ನಿಂತಿತ್ತು. ಒಂದು ಗುಳ್ಳೆ ಇಲ್ಲ.

ಲೈಟಿನ ವೈರು ಕಿತ್ತೆಸೆದು ಪಂಪನ್ನು ಕೆಂಪು ಪ್ಲಗ್ಗಿಗೆ ಒತ್ತಿದಳು. ಬುಳುಬುಳು ಎಂದು ಗುಳ್ಳೆ ಎದ್ದವು. "ಶಿವನೇ," ಎಂದು ನೆಲಕ್ಕೆ ಕುಕ್ಕರಿಸಿದಳು. ಎದ್ದು ಮುಖ ಒರೆಸಿಕೊಳ್ಳುವಷ್ಟರಲ್ಲಿ ಬ್ಯಾಟರಿಯ ಪೆಟ್ಟಿಗೆ ಕೂಗತೊಡಗಿತು. ಹಳೆಯ ಬ್ಯಾಟರಿ, ನಾಲ್ಕೂವರೆ ಗಂಟೆ ದೀಪ ಮಿನುಗಿಸಿ ಸುಸ್ತಾಗಿತ್ತು. ಕೂಗಿ, ಕೂಗಿ, ಆರನೆಯ ನಿಮಿಷಕ್ಕೆ ಸುಮ್ಮನಾಯಿತು. ಗುಳ್ಳೆಗಳೂ ನಿಂತವು.

ಚೇತನಾಗೆ ಫೋನು ಮಾಡಿದಳು.

"ಕರೆಂಟಿಲ್ಲವ್ವಾ. ಬ್ಯಾಟರಿ ಈಗಷ್ಟ ನಿಂತತು."

"ಈಗಷ್ಟೇನಾ? ಸರಿ, ಭಯ ಬೇಡ ಶಂಕ್ರವ್ವ." ಅರಸೀಕೆರೆಯ ಮನೆಯಲ್ಲಿ ಯಾರೋ ನಗುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. "ಪಂಪ್ ಇಷ್ಟೊತ್ತು ಓಡಿದೆ ಅಂದ್ರೆ ಏನೂ ಆಗಿರಲ್ಲ. ಒಂದು ಮಗ್ ತಗೊಂಡು ನೀರು ಎತ್ತಿ ಎತ್ತಿ ಮೇಲಿಂದ ಸುರೀತಾ ಇರಿ, ಗಾಳಿ ಸೇರುತ್ತೆ. ಸ್ಪಂಜ್ ಮಾತ್ರ ಮುಟ್ಟಬೇಡಿ. ನೀರಿಂದ ಮೇಲೆ ಬಂದ್ರೆ ಸತ್ತೇ ಹೋಗುತ್ತೆ. ಭೈರೇಶ್ ಸಾರ್‌ಗೆ ಹೇಳಿ ಮೇನ್ ಹಾಕ್ಸಿ. ನಾನು ಬೆಳಿಗ್ಗೆ ಟ್ರೇನ್‌ಗೆ ಬರ್ತೀನಿ."

"ಹೂಂ," ಎಂದಳು ಶಂಕ್ರವ್ವ.

ಅವಳು ಸುಳ್ಳು ಹೇಳಿರಲಿಲ್ಲ. ಬ್ಯಾಟರಿ ಈಗಷ್ಟೇ ನಿಂತದ್ದು ನಿಜ. ಆದರೆ ನಿಜದ ಒಂದು ಕಾಲು ಮುರಿದು ಹೇಳಿದ್ದಳು. ಹೇಗಾದರೂ ಉಳಿದರೆ ಯಾರಿಗೂ ತಿಳಿಯದೆ ಹೋಗುತ್ತದೆ ಎಂಬ ಆಸೆ. ಸುರುಳಿ ಸುತ್ತಿದ ಆ ಆಸೆಯನ್ನು ಎದೆಯೊಳಗಿಟ್ಟುಕೊಂಡು ಬಚ್ಚಲಿನ ನೀಲಿ ಮಗ್ ತಂದು, ಕೈ ತೊಳೆದು, ಮಗ್ ತೊಳೆದು, ಸುರಿಯತೊಡಗಿದಳು. ಎತ್ತು, ಸುರಿ. ಎತ್ತು, ಸುರಿ. ಬಿಸಿ ಹಾಲು ಆರಿಸುವ ಹಾಗೆ.

ನೂರಕ್ಕೂ ಮೇಲೆ ಎತ್ತಿ ಸುರಿದಿರಬೇಕು, ಕಿಟಕಿಯ ಬೆಳಕು ತೊಟ್ಟಿಯ ಹಿಂಬದಿಗೆ ಬಿತ್ತು. ಕೆಂಚವ್ವನ ಎಡ ಅಂಚಿನಲ್ಲಿ ಬಿಳಿ. ಕೊಳೆಯತೊಡಗಿದ ಕುಂಬಳದ ಮೈಯಂತೆ ಲೋಳೆಲೋಳೆಯಾದ ಬಿಳಿ. ಹತ್ತು ರೂಪಾಯಿ ನಾಣ್ಯದಷ್ಟಿತ್ತು. ಮೂಗು ಹತ್ತಿರ ಒಯ್ದರೆ ಹಳಸಿದ ವಾಸನೆ.

ಡ್ರಾಪರ್ ಹುಡುಕಿ, ಹಸಿರು ಬಣ್ಣದ ಹನಿ ಬಿಟ್ಟಳು. ಹನಿ ಬಿಟ್ಟಲ್ಲೇ ಮೋಡದ ಹಾಗೆ ನಿಂತು, ನಿಧಾನಕ್ಕೆ ತಳಕ್ಕಿಳಿಯಿತು. ಕೆಂಚವ್ವ ಎಳೆದುಕೊಳ್ಳಲಿಲ್ಲ. ನೆತ್ತಿಯ ಬಾಯಿ ಮುಚ್ಚಿಕೊಂಡಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಭೈರೇಶ್. ಕುರುಬರಹಳ್ಳಿಯ ಹಳೆಯ ಒಕ್ಕಲು ಮನೆಯವರು. ರೇಷ್ಮೆ ಪಂಚೆ ಉಟ್ಟು ಬೆವರಿ ತೊಯ್ದಿದ್ದರು.

"ಕಾರಿಗೂ ಪೂಜೆ ಆಗಿದೆ, ನಡ್ಕೊಂಡೇ ಬಂದೆ," ಎಂದರು ಏದುಸಿರಿನಲ್ಲಿ. "ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಂಡು ಎದ್ದು ಬಂದಿದೀನಿ. ಏನದು, ತೋರ್ಸು."

ತೋರಿಸಿದಳು. ಅವರು ಬಗ್ಗಿ ನೋಡಿದರು. ಅವರಿಗೆ ಕಂಡದ್ದು ಕೆಂಪು ಮುದ್ದೆ.

"ಇದಕ್ಕೇನಮ್ಮ ಇಷ್ಟು ರಂಪ? ಬೇರೆ ತಂದ್ರಾಗಲ್ವಾ?"

"ಬ್ಯಾರೆ ಇಲ್ರಿ. ಇದೊಂದ ಹೆಪ್ಪು."

ಭೈರೇಶ್ ಗೋಡೆಗೆ ಒರಗಿದರು. "ನೋಡು, ನಾನು ಕಲ್ಲಲ್ಲ. ಆದ್ರೆ ಹದಿನೆಂಟು ವರ್ಷದ ಹಿಂದೆ ಇದೇ ದಿನ, ಅರ್ಜೆಂಟ್ ಕೆಲಸ ಅಂತ ಇಲ್ಲಿ ಕೆಲಸಕ್ಕಿದ್ದ ನಮ್ಮ ರಾಜೇಂದ್ರಣ್ಣ ಸಂಜೆ ಲೇತ್ ಹಾಕ್ದ. ಎರಡು ಬೆರಳು ಹೋಯ್ತು. ಅವತ್ತಿಂದ ನಮ್ಮಪ್ಪ ರಾಮಯ್ಯನೋರು ಮೇನ್ ಸ್ವಿಚ್‌ಗೆ ದಾರ ಕಟ್ಟೋ ಪದ್ಧತಿ ತಂದ್ರು. ಸಾಯೋವಾಗ ನನ್ನ ಕೈಲಿ ಮಾತು ತಗೊಂಡ್ರು. ಕುಂಕುಮ ಇಟ್ಟ ಯಾವ್ದನ್ನೂ ಇವತ್ತು ನಾನು ಮುಟ್ಟಲ್ಲ, ಮುಟ್ಟೋಕೂ ಬಿಡಲ್ಲ."

ಆಯುಧಕ್ಕೆ ಒಂದು ದಿನ ವಿಶ್ರಾಂತಿ ಎಂಬುದು ಶಂಕ್ರವ್ವನಿಗೂ ಹುಟ್ಟಿನಿಂದ ಬಂದದ್ದೇ. ಅವಳು ಮಗ್ ಎತ್ತಿ ಸುರಿಯುತ್ತಲೇ ಇದ್ದಳು. ತೋಳು ಸೋತು ನೀರು ಅಂಗೈಯಗಲ ಹೊರಗೆ ಚೆಲ್ಲಿತು.

ಭೈರೇಶ್ ಗೋಡೆ ಬಿಟ್ಟು ಹತ್ತಿರ ಬಂದರು. "ಆ ಮಗ್‌ಗೆ ಕುಂಕುಮ ಇಟ್ಟಿದೀಯಾ?"

"ಮಗ್ಗಿಗೆ ಯಾರ್ ಇಡ್ತಾರ್ರಿ?"

"ಹಾಗಾದ್ರೆ ಕೊಡು ಇಲ್ಲಿ." ಪಂಚೆ ಎತ್ತಿ ಕಟ್ಟಿ ಸುರಿಯತೊಡಗಿದರು. "ಹೀಗೇನಾ?"

"ಅಷ್ಟ್ ಜೋರ ಬ್ಯಾಡ್ರಿ. ಬಾಣಂತಿಗೆ ನೀರ್ ಹಾಕಾಕ ಹತ್ತೀರೇನು?"

ಶಂಕ್ರವ್ವ ಮತ್ತೆ ಬಗ್ಗಿ ನೋಡಿದಳು. ನಾಣ್ಯದಷ್ಟಿದ್ದ ಬಿಳಿ ಈಗ ಎರಡು ಬೆರಳಗಲ. ಕಣ್ಣ ಮುಂದೆಯೇ ಹಬ್ಬುತ್ತಿದೆ. ಚೇತನಾ ಮುಟ್ಟಬೇಡಿ ಎಂದಿದ್ದಳು. ಯಾಕೆ ಹಾಗೆಂದಳು? ಪಂಪು ಈಗಷ್ಟೇ ನಿಂತಿದೆ ಎಂದು ತಿಳಿದದ್ದರಿಂದ. ತಾನು ಹೇಳಿದ ಮುರುಕು ನಿಜದ ಮೇಲೆ ಆ ಹುಡುಗಿ ಮದ್ದು ಹೇಳಿದ್ದಾಳೆ. ಜ್ವರ ನಿನ್ನೆ ಬಂತೋ ವಾರದ ಹಿಂದೆ ಬಂತೋ ಮುಚ್ಚಿಟ್ಟು ಡಾಕ್ಟರ ಮುಂದೆ ಕೂತರೆ ಅವರು ತಾನೆ ಏನು ಮಾಡಿಯಾರು? ದುಂಡಪ್ಪನೂ ಹಾಗೇ ಮಾಡಿದ್ದ. ಮುಳ್ಳು ಚುಚ್ಚಿ ತಿಂಗಳಾದರೂ, "ಮೊನ್ನೆ ಚುಚ್ಚೇತ್ರಿ" ಎಂದಿದ್ದ.

ಫೋನು ಎತ್ತಿಕೊಂಡಳು. ಬೆರಳು ಒತ್ತಲು ಹಿಂದೆ ಮುಂದೆ ನೋಡಿತು. ಭೈರೇಶ್ ಪಕ್ಕದಲ್ಲೇ ನಿಂತಿದ್ದಾರೆ, ಎಲ್ಲ ಕೇಳಿಸಿಕೊಳ್ಳುತ್ತಾರೆ. ನಾಳೆ ಇಡೀ ಕಟ್ಟಡಕ್ಕೆ ತಿಳಿಯುತ್ತದೆ. ಒಂಬತ್ತು ವರ್ಷದಲ್ಲಿ ಒಂದು ಲೋಟ ಒಡೆಯದವಳೆಂಬ ಹೆಸರು ಅವಳಿಗಿತ್ತು.

ಒತ್ತಿದಳು.

"ಚೇತನಾ, ನನ್ನವ್ವಾ, ನಾ ನಿನಗ ಪೂರಾ ಹೇಳಿಲ್ಲ. ಪಂಪ್ ಈಗ ನಿಂತದ್ದಲ್ಲ. ಮುಂಜಾನೆ ಹನ್ನೊಂದೂವರಿಗೆ ನಿಂತೈತಿ. ಕೆಂಪು ಪ್ಲಗ್ಗಿಂದ ನಾನ ಕಿತ್ತು, ಪೂಜಿ ಲೈಟ್ ಹಚ್ಚೇನಿ. ಮರತ ಹೋದ್ನಿ."

ಆ ಕಡೆಯ ನಗುವಿನ ಸದ್ದಿನಿಂದ ಚೇತನಾ ಎದ್ದು ಹೊರಗೆ ಬಂದದ್ದು ತಿಳಿಯಿತು. ಬಾಗಿಲು ಹಾಕಿಕೊಂಡ ಸದ್ದು.

"ಐದು ಗಂಟೆ ಹೊತ್ತಾಯ್ತು," ಎಂದಳು ಚೇತನಾ. "ಬೆಳ್ಳಗಾಗಿದೆಯಾ ಎಲ್ಲಾದ್ರೂ?"

"ಎಡಕ್ಕ. ಎರಡು ಬೆರಳು. ಹಬ್ಬಾಕತೈತಿ."

"ಬೈಯೋಕೂ ಟೈಮಿಲ್ಲ ಶಂಕ್ರವ್ವ. ಕೇಳಿ. ಆ ಭಾಗ ಸತ್ತಿದೆ. ಅದರ ವಿಷ ಉಳಿದಿದ್ದಕ್ಕೂ ಹತ್ತುತ್ತೆ. ಈಗಲೇ ಕೊಯ್ದು ತೆಗೀಬೇಕು. ಬಿಳಿಯಿಂದ ಒಂದು ಬೆರಳು ಒಳಗೆ, ಚೆನ್ನಾಗಿರೋ ಜಾಗದಲ್ಲೇ ಕೊಯ್ಯಿರಿ. ನೀರೊಳಗೇ. ಸ್ಕಾಲ್ಪೆಲ್ ಬ್ಲೇಡು ಟ್ರೇಯಲ್ಲಿದೆ, ಸ್ಪಿರಿಟ್‌ನಲ್ಲಿ ಅದ್ದಿ. ಕ್ಯಾನ್‌ನಲ್ಲಿರೋ ಹೊಸ ಉಪ್ಪುನೀರು ಹಾಕಿ. ಪಂಪ್ ಮಾತ್ರ ಬೇಕೇ ಬೇಕು. ಕೈಯಲ್ಲಿ ಎಷ್ಟೊತ್ತು ಸುರೀತೀರ, ಬೆಳಗಾಗೋವರೆಗೂ ಆಗಲ್ಲ."

ಸ್ಕಾಲ್ಪೆಲ್ ಟ್ರೇಯಲ್ಲೇ ಇತ್ತು. ಟ್ರೇ ಲ್ಯಾಬಿನ ದೇವರ ಪಟದ ಮುಂದಿತ್ತು. ಕತ್ತರಿ, ಚಿಮಟ, ಬ್ಲೇಡಿನ ಹಿಡಿ, ಎಲ್ಲದಕ್ಕೂ ಅವಳೇ ಮುಂಜಾನೆ ಸಾಲಾಗಿ ಕುಂಕುಮ ಇಟ್ಟಿದ್ದಳು.

ಶಂಕ್ರವ್ವ ಟ್ರೇಯ ಮುಂದೆ ನಿಂತು ಭೈರೇಶ್ ಕಡೆ ನೋಡಿದಳು. ಅವರು ಮಗ್ ಹಿಡಿದ ಕೈ ನಿಲ್ಲಿಸಿ ಅವಳ ಕಡೆ ನೋಡಿದರು. "ಬೇಡಮ್ಮ," ಎಂದರು ಮೆಲ್ಲಗೆ. "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಇವತ್ತು ಬ್ಲೇಡು ಮುಟ್ಟಬೇಡ."

ಆಗ ಅವರ ಜೇಬಿನ ಫೋನು ಹೊಡೆದುಕೊಂಡಿತು. ಕೈ ಒದ್ದೆ, ಮೊಣಕೈಯಿಂದ ತಳ್ಳಿ ಸ್ಪೀಕರಿಗೆ ಹಾಕಿದರು. ಎಂಬತ್ತಮೂರು ವರ್ಷದ ಅವರ ತಾಯಿ ಅಕ್ಕಯ್ಯಮ್ಮನ ದನಿ ಇಡೀ ಲ್ಯಾಬಿಗೆ ಕೇಳಿಸಿತು.

"ಎಲ್ಲಿ ಸತ್ತೋದ್ಯೋ? ಎಲೆ ಮುಂದಿಂದ ಎದ್ದು ಹೋಗ್ತಾರೇನೋ? ನೊಣ ಕೂತ್ಕೊಂಡು ಒಬ್ಬಟ್ಟು ಮುಗಿಸ್ತು."

"ಅವ್ವ, ಇಲ್ಲಿ ಶಂಕ್ರವ್ವ ಒಂದು ಪ್ರಾಣಿ ಉಳಿಸ್ಕೋಬೇಕು ಅಂತಾಳೆ. ಬ್ಲೇಡು ಬೇಕಂತೆ, ಕರೆಂಟ್ ಬೇಕಂತೆ. ಪೂಜೆ ಆಗಿರೋದನ್ನ ಹೆಂಗೆ ಮುಟ್ಟೋದು? ಅಪ್ಪಂಗೆ ಮಾತು ಕೊಟ್ಟಿದೀನಿ."

ಅಜ್ಜಿ ಅಡಿಕೆ ಅಗಿಯುವ ಸದ್ದು ಬಂತು.

"ನೀನು ಹುಟ್ಟಿದ್ದು ಯಾವತ್ತೋ?"

"ಅದ್ಯಾಕೀಗ? ಆಯುಧಪೂಜೆ ದಿನ."

"ಸಂಜೆ ಹೊತ್ತು. ಮನೇಲಿದ್ದ ಕುಡುಗೋಲು, ಮಚ್ಚು, ಕತ್ತಿ, ಎಲ್ಲಕ್ಕೂ ಕುಂಕುಮ ಇಟ್ಟು ಕೂರ್ಸಿದ್ರು. ನಿನ್ನ ಹೊಕ್ಕುಳಬಳ್ಳಿ ಕೊಯ್ಯೋಕೆ ಸೂಲಗಿತ್ತಿ ಕುಡುಗೋಲು ತಗೊಂಡ್ರೆ, ನಿಮ್ಮಪ್ಪ ಅಡ್ಡ ಬಂದು ನಿಂತ. ಅವಳೇನಂದ್ಲು ಗೊತ್ತಾ? 'ಬೆಳಿಗ್ಗೆವರೆಗೂ ಕಾಯಿ ಅಂತ ಮಗೀಗೆ ನೀವೇ ಹೇಳಿ ಯಜಮಾನ್ರೆ' ಅಂದ್ಲು. ನಿಮ್ಮಪ್ಪ ತೆಪ್ಪಗೆ ಪಕ್ಕಕ್ಕೆ ಸರಿದ. ಕುಂಕುಮದ ಕುಡುಗೋಲಲ್ಲೇ ಕೊಯ್ದಿದ್ದು ಕಣೋ ನಿನ್ನ. ಏನಾಯ್ತು ನಿಂಗೆ? ಹೊಟ್ಟೆ ಒಂದು ಬಂದಿದೆ, ಅಷ್ಟೇ." ಫೋನಿನಲ್ಲಿ ಉಗುಳಿದ ಸದ್ದು. "ಬೇಗ ಮುಗ್ಸಿ ಬಾ."

ಭೈರೇಶ್ ಮಗ್ಗನ್ನು ಶಂಕ್ರವ್ವನ ಕೈಗೆ ಕೊಟ್ಟು ಕೆಳಗೆ ಹೋದರು.

ಕೆಳಗೆ ಏನೇನೋ ಕಟಕಟ ಸದ್ದು. ಬಹಳ ಹೊತ್ತಾಯಿತು ಅನ್ನಿಸಿತು. ಬಿಳಿ ಇನ್ನೊಂದು ಕಡ್ಡಿಯಷ್ಟು ಮುಂದೆ ಬಂತು. ಆಮೇಲೆ ಟಪ್ಪೆಂದು ಲೈಟು ಹತ್ತಿತು, ಫ್ರಿಜ್ಜು ಗೊರ್ ಎಂದಿತು, ತೊಟ್ಟಿ ಬುಳುಬುಳು ಎಂದಿತು. ಭೈರೇಶ್ ಮೇಲೆ ಬಂದಾಗ ಅಂಗಿಯ ಜೇಬು ಉಬ್ಬಿತ್ತು.

"ಕೆಳಗಿನ ಫ್ಯೂಸ್ ಎಲ್ಲ ಕಿತ್ತು ಜೇಬಲ್ಲಿ ಹಾಕ್ಕೊಂಡಿದೀನಿ. ಲೇತ್‌ಗಳು ಮಲಗೇ ಇರ್ಲಿ. ಮೇಲ್ಗಡೆಗೆ ಮಾತ್ರ ಕರೆಂಟು." ಕತ್ತರಿಸದೆ ಬಿಚ್ಚಿ ತಂದಿದ್ದ ದಾರವನ್ನು ಹೂವಿನ ಸಮೇತ ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟರು. "ಇನ್ನು ನೀನುಂಟು, ನಿನ್ನ ಕೆಂಚವ್ವ ಉಂಟು."

ಶಂಕ್ರವ್ವ ಬ್ಲೇಡಿನ ಹಿಡಿಯ ಕುಂಕುಮವನ್ನು ಹೆಬ್ಬೆರಳಲ್ಲಿ ಒರೆಸಿ ತನ್ನ ಹುಬ್ಬಿನ ನಡುವೆ ಇಟ್ಟುಕೊಂಡಳು. ಸ್ಪಿರಿಟ್ಟಿನಲ್ಲಿ ಅದ್ದಿದಳು. ಬಳೆ ಹಿಂದಕ್ಕೆ ಸರಿಸಿ, ಮೊಣಕೈವರೆಗೆ ತೊಳೆದ ಕೈಯನ್ನು ಎರಡು ವರ್ಷದಲ್ಲಿ ಮೊದಲ ಸಲ ಆ ನೀರಿನೊಳಗೆ ಇಳಿಸಿದಳು. ಕೆಂಚವ್ವನ ಮೈ ಅವಳೆಣಿಸಿದಷ್ಟು ಮೆತ್ತಗಿರಲಿಲ್ಲ. ಒಳಗೆ ಮರಳಿನಂತೆ ಬಿರುಸು. ಬಿಳಿಯ ಗಡಿಯಿಂದ ಒಂದು ಬೆರಳು ಒಳಗೆ. ಒಳ್ಳೆಯದನ್ನು ಕೊಯ್ಯುವುದು ಕಷ್ಟ. ಕೈ ಎರಡು ಸಲ ಹಿಂದೆ ಬಂತು. ದುಂಡಪ್ಪನ ಪಾದ ತೆಗೆಯಬೇಕು ಎಂದು ಡಾಕ್ಟರು ಅಂದಾಗ ಬೇಡವೆಂದು ಅಡ್ಡ ನಿಂತವಳು ಇವಳೇ.

ಮೂರನೆಯ ಸಲ ಕೈ ಹಿಂದೆ ಬರಲಿಲ್ಲ.

ಬಿಳಿಯ ಭಾಗವನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಕೆಂಪಾಗಿ ಉಳಿದದ್ದು ಅರ್ಧ ಅಂಗೈ. ಅದನ್ನೇ ನೋಡುತ್ತ ನಿಂತವಳಿಗೆ ತಾಯಿಯ ಮನೆ ನೆನಪಾಯಿತು. ಅಲ್ಲಿ ಹೆಪ್ಪನ್ನು ಒಂದೇ ಗಡಿಗೆಯಲ್ಲಿ ಯಾರೂ ಇಡುತ್ತಿರಲಿಲ್ಲ. ಓಣಿಯಲ್ಲಿ ಮೂರು ಮನೆಗೆ ಕೊಟ್ಟಿರುತ್ತಿದ್ದರು; ಒಬ್ಬರದು ಕೆಟ್ಟರೆ ಇನ್ನೊಬ್ಬರ ಮನೆಯಿಂದ ತಿರುಗಿ ಬರುತ್ತಿತ್ತು.

ಮತ್ತೆ ಫೋನು ಮಾಡಿದಳು. "ಅವ್ವಾ, ಉಳದದ್ದನ್ನ ಮೂರು ಪಾಲು ಮಾಡ್ಲೇನು? ಒಂದು ಕೊಳತರ ಇನ್ನೊಂದಕ್ಕ ಹತ್ತಬಾರದು."

ಎರಡು ವರ್ಷ ಚೇತನಾ ಆ ಮುದ್ದೆಯನ್ನು ಎರಡು ಮಾಡಲೂ ಹೆದರಿದ್ದಳು. "ಸ್ಪೇರ್ ಪಂಪ್ ಕೆಳಗಿನ ಕಪಾಟಿನಲ್ಲಿದೆ," ಎಂದಳು. "ಅದಕ್ಕೆ ಎರಡು ಪೈಪು ಹಾಕಬಹುದು. ಮಾಡಿ ಶಂಕ್ರವ್ವ. ನಿಮ್ಮ ಕೈಯೇ ನನ್ನ ಕೈ ಈಗ."

ಆ ಮಾತಿಗೆ ಶಂಕ್ರವ್ವನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಒಂದು ತುಂಡು ತೊಟ್ಟಿಯಲ್ಲೇ ಉಳಿಯಿತು, ಎರಡು ತುಂಡು, ನೀರಿಂದ ಮೇಲೆ ಬಾರದ ಹಾಗೆ ಲೋಟದ ನೀರಿನಲ್ಲೇ ಸಾಗಿ, ಹೊಸ ಉಪ್ಪುನೀರಿನ ಎರಡು ಗಾಜಿನ ಬೋಗುಣಿಗೆ ಹೋದವು, ಅವಳು ಒಂಬತ್ತು ವರ್ಷ ತೊಳೆದು ತೊಳೆದು ಮಿಂಚಿಸಿದ್ದ ಬೋಗುಣಿಗಳು.

ಕತ್ತಲಾಗುವ ಮೊದಲು ಭೈರೇಶ್ ಮನೆಯಿಂದ ಡಬ್ಬಿಯಲ್ಲಿ ಒಬ್ಬಟ್ಟು ಕಳಿಸಿದರು. ಅವಳು ತಿನ್ನಲಿಲ್ಲ. ಬೆಂಚಿನ ಮೇಲೆ ಕುಳಿತೇ ಇದ್ದಳು.

ಬೆಳಿಗ್ಗೆ ಎಂಟಕ್ಕೆ ಚೇತನಾ ಬಂದಳು. ಚೀಲ ಬಾಗಿಲಲ್ಲೇ ಬಿಟ್ಟು, ಶಂಕ್ರವ್ವನ ಮುಖ ನೋಡದೆ ನೆಟ್ಟಗೆ ತೊಟ್ಟಿಗೆ ಹೋದಳು. ಶಂಕ್ರವ್ವ ಹಿಂದೆ ನಿಂತಳು. ಕೈಯಲ್ಲಿ ವಿಜಯದಶಮಿಯ ಬನ್ನಿ ಎಲೆ ಮುದುಡಿ ಹೋಗಿತ್ತು. ದಾರಿಯ ಹೂವಿನವಳ ಹತ್ತಿರ ಈಗಷ್ಟೇ ತಂದದ್ದು.

ತೊಟ್ಟಿಯ ತುಂಡು ರಾತ್ರಿಯಲ್ಲಿ ಪೂರ್ತಿ ಬೆಳ್ಳಗಾಗಿತ್ತು. ಚೇತನಾ ಅದನ್ನು ನೋಡಿ ತುಟಿ ಕಚ್ಚಿದಳು. ಮೊದಲ ಬೋಗುಣಿಗೆ ಹಸಿರು ಹನಿ ಬಿಟ್ಟಳು. ಹನಿ ತೇಲಿತು, ಹರಡಿತು, ತಳಕ್ಕಿಳಿಯಿತು. ತುಂಡು ಕೆಂಪಾಗೇ ಇತ್ತು, ಆದರೆ ಎಳೆದುಕೊಳ್ಳಲಿಲ್ಲ.

"ಸತ್ತಿದೆಯೋ, ಮುನಿಸ್ಕೊಂಡಿದೆಯೋ ಹೇಳೋಕಾಗಲ್ಲ," ಎಂದಳು. ಡ್ರಾಪರನ್ನು ಶಂಕ್ರವ್ವನ ಕಡೆ ಚಾಚಿದಳು. "ಮೂರನೇದಕ್ಕೆ ನೀವೇ ಬಿಡಿ. ನನ್ನ ಕೈಲಾಗಲ್ಲ."

ಶಂಕ್ರವ್ವ ಬನ್ನಿ ಎಲೆಯನ್ನು ಸೆರಗಿಗೆ ಸಿಕ್ಕಿಸಿ, ಡ್ರಾಪರ್ ಹಿಡಿದು, ಎರಡನೆಯ ಬೋಗುಣಿಯ ಮೇಲೆ ಬಗ್ಗಿದಳು. ಹೆಬ್ಬೆರಳಿಗಿಂತ ತುಸು ದೊಡ್ಡ ಚೂರು. ಅದರ ಬದಿಯಲ್ಲಿ ಒಂದು ಹನಿ ಬಿಟ್ಟಳು.

ಹನಿ ನಿಂತಿತು. ಇಬ್ಬರೂ ಉಸಿರು ಹಿಡಿದು ನಿಂತರು. ಕೆಳಗೆ ಭೈರೇಶ್ ಜೇಬಿನ ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ಲೇತುಗಳು ಒಂದೊಂದಾಗಿ ಎದ್ದು ಕೂಗತೊಡಗಿದವು.

ಹಸಿರಿನ ಅಂಚು ಮೊದಲು ಸೊಟ್ಟಗಾಯಿತು. ಆಮೇಲೆ ಯಾರೋ ಒಳಗಿನಿಂದ ದಾರ ಎಳೆದ ಹಾಗೆ ತೆಳ್ಳಗಾಗಿ ಚೂರಿನ ಬದಿಗೆ ಇಳಿಯಿತು. ಮಾಯವಾಯಿತು. ನೆತ್ತಿಯ ಪುಟ್ಟ ತೂತಿನಿಂದ, ಇದೆಯೋ ಇಲ್ಲವೋ ಅನ್ನುವಂಥ ಒಂದು ಎಳೆ ಹಸಿರು ಮೇಲೆದ್ದಿತು.

ಚೇತನಾ ಮೊಣಕಾಲೂರಿ ಕುಳಿತುಬಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. "ನಿಮ್ಮ ಮೇಲೆ ನಂಗೆ ತುಂಬಾ ಕೋಪ ಇದೆ ಶಂಕ್ರವ್ವ," ಎಂದಳು ಆ ಎಳೆಯಿಂದ ಕಣ್ಣು ಕೀಳದೆ.

"ಇರಲಿ ತಂಗಿ. ಇರಬೇಕು." ಶಂಕ್ರವ್ವ ಸೆರಗಿನ ಬನ್ನಿ ಎಲೆ ತೆಗೆದು ಅವಳ ಅಂಗೈಯಲ್ಲಿಟ್ಟಳು. "ಬಂಗಾರ ತಗೊಂಡು ಬಂಗಾರದಂಗ ಇರೂಣು."

ಆಮೇಲೆ ಹೋಗಿ ಸೀರಿಯಲ್ ಸೆಟ್ಟನ್ನು ಸುತ್ತಿ ಕಪಾಟಿನ ತಳಕ್ಕೆ ತಳ್ಳಿ, ಸತ್ತ ತುಂಡಿನ ತೊಟ್ಟಿಯನ್ನು ತೊಳೆಯಲು ತೋಳು ಮಡಿಸಿದಳು.